ವಾಸನೆಯ ತಾರೀಕು ಕೇಳಿದ ಮಹಿದಿನ್

ನಮ್ಮ ಪಾಲೆಂಬಾಂಗ್ ಪಟ್ಟಣದಲ್ಲಿ ಅಡುಗೆ ಅನಿಲದ ಕೊಳವೆ ಹಾಕಿಸಿದವರ ಹೆಸರುಗಳು ಕಚೇರಿಯ ಕಲ್ಲಿನ ಫಲಕದ ಮೇಲಿವೆ. ಆ ಕೊಳವೆ ಸೋರದಂತೆ ಮೂವತ್ತೆರಡು ವರ್ಷ ಕಾದವರ ಹೆಸರು ಫಲಕದಲ್ಲಿಲ್ಲ, ನದಿಯಾಚೆಯ ಅಡುಗೆಮನೆಗಳಲ್ಲಿದೆ. ಮನೆ ತನಿಖೆಯೆಂಬ ಬೇಸರದ ಕೆಲಸವನ್ನು ಒಂದು ವಿದ್ಯೆಯ ಮಟ್ಟಕ್ಕೆ ಏರಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ಮಾನ್ಯ ಕಿಯಾಗುಸ್ ಮಹಿದಿನ್ ಅವರನ್ನು ಕುರಿತು ಬರೆಯುವುದು ನಮ್ಮ ಕಚೇರಿಯ ಭಾಗ್ಯವೇ ಸರಿ.

ಮೀಟರ್ ಓದುವ ಕೆಲಸಕ್ಕೆ ಸೇರಿದ ಮಹಿದಿನ್ ಐದನೆಯ ವರ್ಷಕ್ಕೆ ತನಿಖೆಗೆ ಬಂದರು. ಹೆಗಲಚೀಲದಲ್ಲಿ ಒಂದು ಪಾನಾ, ಒಂದು ಬಾಟಲಿ ಸಾಬೂನು ನೀರು, ಬಾಯಲ್ಲಿ ಮುಗಿಯದ ಪ್ರಶ್ನೆಗಳು. ಬೆಕ್ಕು ಎಲ್ಲಿ ಮಲಗುತ್ತದೆ, ಒಲೆಯ ಉರಿ ಯಾವಾಗಿನಿಂದ ಹಳದಿಯಾಯಿತು, ಈ ಮೊಳೆ ಹೊಡೆದವರು ಯಾರು ಎಂದೆಲ್ಲ ಅವರು ಕೇಳುತ್ತಿದ್ದರೆ, ಇವರು ಕೊಳವೆ ನೋಡಲು ಬಂದವರೋ ಹೆಣ್ಣು ನೋಡಲು ಬಂದವರೋ ಎಂದು ಗೃಹಿಣಿಯರು ನಗುತ್ತಿದ್ದರು. ಮುದುಕಿಯರ ಮನೆಯ ಹಳೆಯ ರಬ್ಬರ್ ನಳಿಕೆಯನ್ನು ಅರ್ಜಿ ಗಿರ್ಜಿ ಎನ್ನದೆ ತಮ್ಮ ಚೀಲದಿಂದಲೇ ತೆಗೆದು ಬದಲಾಯಿಸಿಕೊಟ್ಟದ್ದು ಎಷ್ಟು ಸಲವೋ. ಬೀದಿಗೆ ಬೀದಿಯೇ ಅವರನ್ನು ಚಿಕ್ಕಪ್ಪನ ಸಲಿಗೆಯಲ್ಲಿ 'ಮಾಂಗ್' ಎಂದು ಕರೆಯಿತು.

ಆದರೆ ಅವರ ದೊಡ್ಡತನ ಶುರುವಾದದ್ದು ಒಂದು ತಪ್ಪಿನಿಂದ. ಅದನ್ನು ಮುಚ್ಚಿಟ್ಟು ಹೊಗಳಿದರೆ ಅವರೇ ಮುನಿಸಿಕೊಳ್ಳುತ್ತಾರೆ.

ಇಪ್ಪತ್ತೇಳು ವರ್ಷದ ಹಿಂದಿನ ಮಾತು. ಆ ವರ್ಷದ ಮೊದಲ ದುರಿಯಾನ್ ಹಣ್ಣಿನ ದೋಣಿ ಹಿಂದಿನ ದಿನವಷ್ಟೇ ದಡ ಮುಟ್ಟಿತ್ತು. ಗಲ್ಲಿಯ ಬಾಯಲ್ಲೇ ಯಾರೋ ಕೈಗಿತ್ತ ಮೂರು ತೊಳೆ ತಿಂದು, ಬೆರಳು ನೆಕ್ಕುತ್ತಲೇ ಮಹಿದಿನ್ ರುಕೋಯಾ ಎಂಬವರ ಮನೆಯ ಮೆಟ್ಟಿಲೇರಿದರು. ಮರದ ಕಂಬಗಳ ಮೇಲೆ ನಿಂತ ಮನೆ. ಆಕೆ ದುರಿಯಾನ್ ತೊಳೆಗೆ ಉಪ್ಪು ಹಾಕಿ ಹುಳಿಬರಿಸಿ ಮಾರುವವರು. ನೊಣ ಬರಬಾರದೆಂದು ಅಡುಗೆಮನೆಯ ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಮಧ್ಯಾಹ್ನದ ನಮಾಜಿನ ನಂತರ ನಲವತ್ತು ಜನರ ಹರಕೆಯೂಟಕ್ಕೆ ಒಲೆ ಹಚ್ಚಬೇಕಿತ್ತು. ಸೋರಿದರೆ ತಿಳಿಯಲೆಂದು ಅನಿಲಕ್ಕೆ ಬೆರೆಸುವ ನಾತಕ್ಕೂ ಈ ಹಣ್ಣಿನ ನಾತಕ್ಕೂ ಅಣ್ಣತಮ್ಮಂದಿರ ಹೋಲಿಕೆ. ಊರೆಲ್ಲ ಬಲ್ಲ ಆ ಸಂಗತಿಯನ್ನು ಊರೆಲ್ಲ ಮರೆಯುವುದು ಹಣ್ಣಿನ ಕಾಲದಲ್ಲೇ.

"ಜಾಡಿ ಸರಿಸ್ಬೇಡಿ ಮಾಂಗ್, ಈಗ ತಾನೇ ಉಪ್ಪು ಹಾಕಿದೀನಿ," ಎಂದರು ರುಕೋಯಾ.

ಕೊಳವೆಯ ಕೀಲು ಆ ಜಾಡಿಗಳ ಹಿಂದಿತ್ತು. ದಾಕ್ಷಿಣ್ಯಕ್ಕೆ ಬಸಿರಾದರಂತೆ ಎಂಬ ಗಾದೆ ನಮ್ಮ ಇಲಾಖೆಗೂ ಸಲ್ಲುತ್ತದೆ. ಮಹಿದಿನ್ ಕಣ್ಣಿಗೆ ಕಂಡಷ್ಟು ಕೊಳವೆಗೆ ಸಾಬೂನು ನೀರು ಬಳಿದು, ಗುಳ್ಳೆ ಏಳದಿರುವುದನ್ನು ನೋಡಿ, 'ಸುರಕ್ಷಿತ' ಎಂದು ರುಜು ಹಾಕಿದರು. ಹೊರಡುವಾಗ ರುಕೋಯಾರ ತಾಯಿ, ಕಣ್ಣು ಕಾಣದ ಅಜ್ಜಿ, ಚಾಪೆಯ ಮೇಲಿಂದ ಗೊಣಗಿದರು: "ಹಣ್ಣು ಬಂದಿದ್ದು ನಿನ್ನೆ. ಈ ನಾತ ಮೊನ್ನೆಯಿಂದ ಐತೆ."

"ಅಮ್ಮಂಗೆ ಈಗ ದಿನ ಎಲ್ಲ ಒಂದೇ," ಎಂದು ಮಗಳು ನಕ್ಕರು. ಮಹಿದಿನ್ ಕೂಡ ನಕ್ಕರು.

ನದಿ ದಾಟುವ ದೋಣಿಯಲ್ಲಿ ಕುಳಿತ ಮೇಲೆ ಅಜ್ಜಿಯ ಮಾತು ಮತ್ತೆ ಕಿವಿಗೆ ಬಂತು. ಕಣ್ಣಿಲ್ಲದವರಿಗೆ ದಿನ ತಪ್ಪಬಹುದು, ಮೂಗು ಹೇಗೆ ತಪ್ಪುತ್ತದೆ? ಹಣ್ಣಿಗಿಂತ ಮೊದಲೇ ಬಂದ ನಾತ ಯಾವುದರದು? ಅಂಬಿಗನತ್ತ ತಿರುಗಿದರು.

"ತಿರುಗಿಸಪ್ಪ ದೋಣಿ."

"ಕೊಡೆ ಮರೆತ್ರಾ?" ಎಂದ ಅಂಬಿಗ.

"ಬುದ್ಧಿ ಮರೆತೆ. ಬೇಗ ನಡಿ."

ಅವರು ಓಡಿ ಬಂದಾಗ ನಮಾಜು ಮುಗಿದಿತ್ತು. ಮೊದಲು ಮೆಟ್ಟಿಲ ಬುಡದಲ್ಲಿ, ಮೀಟರಿನ ಪಕ್ಕದ ಕವಾಟ ತಿರುಗಿಸಿ ಅನಿಲ ನಿಲ್ಲಿಸಿದರು. ಆಮೇಲೆ ಮೇಲೇರಿದರು. ರುಕೋಯಾ ಬೆಂಕಿಪೊಟ್ಟಣ ಹಿಡಿದು ಒಲೆಯ ಮುಂದೆ ನಿಂತಿದ್ದರು.

"ಅಕ್ಕ, ಕೈಲಿರೋದು ಕೆಳಗಿಡಿ. ದೀಪದ ಸ್ವಿಚ್ಚೂ ಮುಟ್ಬೇಡಿ. ಅಜ್ಜಿನ ಹೊರಗೆ ಕರಕೊಂಡು ಹೋಗಿ, ಕಿಟಕಿ ನಾನು ತೆಗೀತೀನಿ."

"ನಲವತ್ತು ಜನ ಬರ್ತಾರೆ ಮಾಂಗ್. ಅವರಿಗೇನು ನಿಮ್ಮ ಸಾಬೂನು ನೀರು ಬಡಿಸ್ಲಾ?"

ಬೈಯುತ್ತಲೇ ಆಕೆ ಪೊಟ್ಟಣ ಕೆಳಗಿಟ್ಟರು, ತಾಯಿಯನ್ನು ಎಬ್ಬಿಸಿಕೊಂಡು ಹೊರಗೆ ನಡೆದರು. ಮನೆಗೆ ಚೆನ್ನಾಗಿ ಗಾಳಿಯಾಡಿದ ಮೇಲೆ ಮಹಿದಿನ್ ಜಾಡಿಗಳನ್ನು ಸರಿಸಿ, ಕವಾಟವನ್ನು ಒಂದು ಕ್ಷಣ ತೆರೆಸಿ, ಕೀಲಿಗೆ ಸಾಬೂನು ನೀರು ಬಳಿದರು. ಗುಳ್ಳೆಗಳು ಅನ್ನ ಕುದಿಯುವ ಹಾಗೆ ಎದ್ದವು. ಮೊನ್ನೆ ಖಾಲಿ ಜಾಡಿಗಳನ್ನು ಗೋಡೆಗೆ ಒತ್ತಿ ಸಾಲಾಗಿಡುವಾಗ ಕೀಲು ಸಡಿಲಗೊಂಡಿತ್ತು. ಅಜ್ಜಿಯ ಲೆಕ್ಕ ಒಂದು ದಿನವೂ ತಪ್ಪಿರಲಿಲ್ಲ. ಹರಕೆಯೂಟ ಪಕ್ಕದ ಮನೆಯ ಒಲೆಯ ಮೇಲೆ ಬೆಂದಿತು, ನಲವತ್ತು ಜನರೂ ಉಂಡರು.

ಈ ಸಂಗತಿ ಹೊರಗೆ ಬಾರದಂತೆ ನೋಡಿಕೊಳ್ಳುವುದು ಸುಲಭವಿತ್ತು. ಕಚೇರಿಗಳಲ್ಲಿ ತಪ್ಪಿಗೆ ತಂದೆತಾಯಿ ಇರುವುದಿಲ್ಲ. ಮಹಿದಿನ್ ಮಾತ್ರ ಅದೇ ದಿನದ ವರದಿಯಲ್ಲಿ ತಮ್ಮ ಕೈಯಾರೆ ಬರೆದರು: "ಬೆಳಿಗ್ಗೆ ಸುರಕ್ಷಿತ ಎಂದದ್ದು ನನ್ನ ತಪ್ಪು. ಜಾಡಿ ಸರಿಸಲಿಲ್ಲ. ನಾನು ದುರಿಯಾನ್ ತಿಂದಿದ್ದೆ." ಆ ಪುಟವನ್ನು ಹೊಸಬರಿಗೆಲ್ಲ ನಾವು ಇಂದಿಗೂ ಓದಿಸುತ್ತೇವೆ. ಅಂದಿನಿಂದ ಅವರು ಯಾವ ಮನೆಯಲ್ಲೂ "ವಾಸನೆ ಇದೆಯೇ" ಎಂದು ಕೇಳಿ ಸುಮ್ಮನಾಗಲಿಲ್ಲ, ಯಾವಾಗ ಬಂತೆಂದು ಕೇಳಿದರು. ಮೂಗನ್ನು ಪೂರ್ತಿ ನಂಬಲೂ ಇಲ್ಲ, ಕೀಲು ಕಾಣುವ ತನಕ ರುಜು ಹಾಕಲೂ ಇಲ್ಲ. ದುರಿಯಾನ್ ಮುಟ್ಟಲಿಲ್ಲ. ಈ ಊರಿನಲ್ಲಿ ಹುಟ್ಟಿದವರು ಇಪ್ಪತ್ತೇಳು ವರ್ಷ ಆ ಹಣ್ಣು ಬಿಡುವುದೆಂದರೆ ಏನೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ನಮಗಂತೂ ಅದನ್ನು ನೋಡಿ ಸಂಕಟವಾಗುತ್ತಿತ್ತು.

ಕಳೆದ ವಾರದ ಬೀಳ್ಕೊಡುಗೆಗೆ ರುಕೋಯಾ ಬಂದಿದ್ದರು. ಈಗ ಅವರಿಗೇ ಅಂದಿನ ಅಜ್ಜಿಯ ವಯಸ್ಸು. ಮಡಿಲಲ್ಲಿ ಒಂದು ದುರಿಯಾನ್. ಬಿಡಿಸಿ ಮುಂದಿಟ್ಟರು. ಮಹಿದಿನ್ ಮುಟ್ಟುವ ಮೊದಲು ವಿಚಾರಣೆಗಿಳಿದರು.

"ಹಣ್ಣು ಯಾವಾಗ ಬಂತು ಅಕ್ಕ?"

"ಇವತ್ತು ಬೆಳಿಗ್ಗೆ."

"ನಾತ?"

"ಅದೂ ಇವತ್ತು ಬೆಳಿಗ್ಗೆನೇ. ನಮ್ಮಮ್ಮನಾಣೆ. ಇನ್ನಾದ್ರೂ ತಿನ್ನಿ ಮಾಂಗ್."

ಅವರು ತಿಂದರು. ಕಣ್ಣಲ್ಲಿ ನೀರಿತ್ತು. ಎರಡನೆಯ ತೊಳೆ ಬಾಯಲ್ಲಿರುವಾಗಲೇ, ಆಕೆಯ ಮನೆಯ ಕೀಲು ನೋಡಿ ಎಷ್ಟು ತಿಂಗಳಾಯಿತೆಂದು ವಿಚಾರಿಸಿದರು.

ಕೈತಪ್ಪಿದ ಇಪ್ಪತ್ತೇಳು ಋತುಗಳ ಹಣ್ಣನ್ನು ಅವಸರವಿಲ್ಲದೆ ತಿಂದು ಮುಗಿಸುವಷ್ಟು ಆಯುಸ್ಸನ್ನು ದೇವರು ಅವರಿಗೆ ಕರುಣಿಸಲಿ. ಆ ಪ್ರಶ್ನೆಗಳು ಮಾತ್ರ ನಿವೃತ್ತವಾಗದಿರಲಿ. ನಮ್ಮ ಒಲೆಗಳು ಇನ್ನೂ ಉರಿಯುತ್ತಿವೆ.