ಸರ್ವರ್ ಬೀ ಮಾಡಿದ ನೀರುಗನ್ನಡಕ

ಶಿಕಾರಿಪುರದ ಬಸ್ಸು ನಿಲ್ಲುವ ಜಾಗದಿಂದ ಪೇಟೆಗೆ ಹೊರಳುವ ಮೂಲೆಯಲ್ಲಿ, ಬೀಗ ಬಿದ್ದ ಮಂಡಿಯೊಂದರ ಜಗಲಿಯ ಮೇಲೆ ಸರ್ವರ್ ಬೀ ಕೊಡೆ ರಿಪೇರಿಗೆ ಕೂರುತ್ತಿದ್ದಳು. ಅದು ಅವಳ ಗಂಡ ಮುನೀರ್ ಅಹ್ಮದನ ಕೆಲಸ. ಅವನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ ಅವನನ್ನು ಗೋಡೆಗೆ ಒರಗಿಸಿ ಕೂರಿಸಿ, ಅವನ ಇಕ್ಕಳ, ಅರ, ತಾಮ್ರದ ತಂತಿಗಳನ್ನು ತನ್ನ ಮುಂದೆ ಹರಡಿಕೊಂಡಳು. ಹೆಂಗಸು ಕೊಡೆ ಕಟ್ಟುತ್ತಾಳೆಂದು ಜನ ಮೊದಮೊದಲು ನಿಂತು ನೋಡಿದರು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ನೋಡುವುದನ್ನು ಬಿಟ್ಟು ಕೊಡೆ ತರತೊಡಗಿದರು.

ಮಳೆ ನಿಂತರೆ ಕೆಲಸವೂ ನಿಲ್ಲುತ್ತಿತ್ತು. ಆಗ ಅವಳು ಸತ್ತ ಕೊಡೆಗಳ ಕಡ್ಡಿ ಬಿಚ್ಚಿ ದಬ್ಬಳ, ಕ್ರೋಶಾ ಕಡ್ಡಿ, ಕದದ ಚಿಲಕ ಮಾಡಿ ಮಾರುತ್ತಿದ್ದಳು. ಐವತ್ತೇಳರ ದೀಪಾವಳಿ ಕಳೆದ ಮೇಲೆ ಅಂಥದ್ದೇ ಒಂದು ಒಣ ಮಧ್ಯಾಹ್ನ ಉಜ್ಜಪ್ಪ ಬಂದ. ತೊಗರ್ಸಿಯಿಂದ ಒಳಕ್ಕೆ ಇರುವ ಹಳ್ಳಿಯ ಬೆಸ್ತರವನು. ಕಪ್ಪಗೆ, ಎತ್ತರಕ್ಕೆ, ಎದೆ ಮಾತ್ರ ಮಣ್ಣಿನ ಹರವಿಯ ಹಾಗೆ ಉಬ್ಬಿದ ಆಳು. ಅವಳ ಮುಂದೆ ರಾಶಿ ಬಿದ್ದಿದ್ದ ಕಡ್ಡಿಗಳಲ್ಲಿ ಒಂದನ್ನೆತ್ತಿ ಬಗ್ಗಿಸಿ, ಬಿಟ್ಟು, ಅದು ಟಣ್ಣನೆ ನೆಟ್ಟಗಾದದ್ದನ್ನು ನೋಡಿದ.

“ಬೂಬಮ್ಮ, ಇದರಾಗೆ ಮೀನು ಚುಚ್ಚೋ ಈಟಿ ಮಾಡಿಕೊಡ್ತೀರೇನ್ರಿ?”

“ಕಮ್ಮಾರನ ಹತ್ರ ಹೋಗಪ್ಪ.”

“ಹೋಗಿದ್ನ್ರಿ. ಅವ ಮಾಡಿದ್ದು ಹಾರೆ ಆತು. ದಡದ ಮೇಲೆ ನಿಂತು ಹೊಡಿಯಾಕೆ ಸೈ. ನಾನು ನೀರಾಗೆ ಮುಳುಗಿ ಹೊಡಿಯಾವ. ಹಗುರ ಇರಬೇಕು, ಚೂಪು ಇರಬೇಕು.”

ಗೋಡೆಗೆ ಒರಗಿದ್ದ ಮುನೀರ್ ಬಾಯಿ ಸೊಟ್ಟ ಮಾಡಿಕೊಂಡು ಏನೋ ಅಂದ. ಅವನ ತೊದಲು ಅರ್ಥವಾಗುತ್ತಿದ್ದುದು ಹೆಂಡತಿಗೆ ಮಾತ್ರ. “ಕೊಡೆ ಇರೋದು ನೀರು ತಡೆಯೋಕೆ. ಅದನ್ನ ನೀರೊಳಗೆ ಇಳಿಸಬೇಡ” ಅಂದಿದ್ದ. ಸರ್ವರ್ ಬೀ ನಕ್ಕಳು. ಕೈ ಆಗಲೇ ಕಡ್ಡಿ ಆರಿಸುತ್ತಿತ್ತು.

ಈಟಿಗೆ ಅವಳು ಹೆಚ್ಚೇನೂ ಹುಡುಕಬೇಕಾಗಲಿಲ್ಲ. ಒಂದು ಒಣಬಿದಿರು, ಅದರ ತುದಿಗೆ ಕೊಡೆಯ ಉಕ್ಕಿನ ಕೊಳವೆ, ಕೊಳವೆಯೊಳಗೆ ಕಂತೆಯಾಗಿ ತೂರಿಸಿ ಬಾಯಗಲಿಸಿದ ಕಡ್ಡಿಗಳು. ಕಲ್ಲಿಗೆ ಮಸೆದು ಮೊನೆ ತೆಗೆದಳು, ಅರದಿಂದ ಒಂದೊಂದಕ್ಕೂ ಹಿಮ್ಮುಳ್ಳು ಎಬ್ಬಿಸಿದಳು, ತಾಮ್ರದ ತಂತಿ ಸುತ್ತಿ ಅರಗು ಕರಗಿಸಿ ಹೊಯ್ದಳು. ಬಿದಿರಿನ ಹಿಂಬದಿಗೆ ಸೈಕಲ್ ಟ್ಯೂಬಿನ ಒಂದು ಕುಣಿಕೆ. ಕುಣಿಕೆಯನ್ನು ಹೆಬ್ಬೆರಳಿಗೆ ಸಿಕ್ಕಿಸಿ, ಬಿದಿರನ್ನು ಹಿಂದಕ್ಕೆಳೆದು ಹಿಡಿದು, ಮುಷ್ಟಿ ಸಡಿಲಿಸಿದರೆ ಈಟಿ ಮುಂದಕ್ಕೆ ನೆಗೆಯುತ್ತಿತ್ತು. ಜಗಲಿಯ ಮೇಲೆ ನಿಂತು ಗೋಣಿಚೀಲಕ್ಕೆ ಹೊಡೆದು ನೋಡಿದ ಉಜ್ಜಪ್ಪ ಮಗುವಿನ ಹಾಗೆ ಕೇಕೆ ಹಾಕಿದ.

ಮುಂದಿನ ಸಲ ಬಂದಾಗ ಎಲೆಯಲ್ಲಿ ಸುತ್ತಿದ ಮೀನು ತಂದಿದ್ದ. ಜೊತೆಗೆ ಒಂದು ದೂರು. ನೀರೊಳಗೆ ಕಣ್ಣು ಬಿಟ್ಟರೆ ಎಲ್ಲ ಹೊಗೆ ಹೊಗೆ, ಮೀನೋ ಬೇರೋ ತಿಳಿಯುವುದಿಲ್ಲ. “ನೀರು ಮುಟ್ಟದಂಗೆ ಕಣ್ಣಿಗೆ ಏನಾರ ಗಾಜು ಕಟ್ಟಾಕೆ ಬರ್ತೈತೇನ್ರಿ?”

ಇದಕ್ಕೆ ಮುನೀರನೇ ದಾರಿ ಹೇಳಿದ. ಮದುವೆಗೆ ಮುಂಚೆ ಅವನು ಪಟಕ್ಕೆ ಕಟ್ಟು ಹಾಕುವ ಅಂಗಡಿಯಲ್ಲಿದ್ದವನು. ತೆಳುಗಾಜನ್ನು ಬಕೆಟ್ ನೀರಿನೊಳಗೇ ಹಿಡಿದು ಕತ್ತರಿಯಿಂದ ಚೂರು ಚೂರೇ ಕಚ್ಚಿಸುತ್ತ ಹೋದರೆ ಒಡೆಯದೆ ದುಂಡಗಾಗುತ್ತದೆ ಎಂದು ಎಡಗೈಯಲ್ಲಿ ತೋರಿಸಿಕೊಟ್ಟ. ಸರ್ವರ್ ಬೀ ಹಾಲವಾಣದ ಮೆತ್ತನೆಯ ಮರದಲ್ಲಿ ಎರಡು ಬಟ್ಟಲು ಕೊರೆದಳು. ಉಜ್ಜಪ್ಪನನ್ನು ಎದುರಿಗೆ ಕೂರಿಸಿಕೊಂಡು ಅವನ ಹುಬ್ಬು, ಕೆನ್ನೆಯ ಏರಿಳಿತಕ್ಕೆ ಸರಿಯಾಗಿ ಅಂಚು ಕೆತ್ತಿದಳು. ಗಾಜು ಕೂರಿಸಿ ಸುತ್ತ ಡಾಂಬರು ಬಳಿದಳು, ಟ್ಯೂಬಿನ ಪಟ್ಟಿ ಹಾಕಿದಳು. ಅದನ್ನು ಕಟ್ಟಿಕೊಂಡು ಅವನು ತಲೆಯೆತ್ತಿದಾಗ ಮನುಷ್ಯನ ಮುಖ ಹೋಗಿ ಯಾವುದೋ ಹುಳದ ಮುಖ ಬಂದಂತಾಗಿ, ಅವಳು ಅರಿವಿಲ್ಲದೆ ಹಿಂದೆ ಸರಿದಳು.

ಸಂಕ್ರಾಂತಿಯ ಮೇಲೆ ಬಂದ ಉಜ್ಜಪ್ಪ ಕೇಕೆ ಹಾಕಲಿಲ್ಲ. ಜಗಲಿಯ ಅಂಚಿಗೆ ಕೂತ.

“ಹುಟ್ಟಿದಾಗಿಂದ ನಮ್ಮೂರ ಅದೇ ಕೆರೆಯಾಗೆ ಮುಳುಗ್ತಿದ್ನ್ರಿ. ಕುರುಡ ಆಗಿದ್ನಿ. ಒಳಗೆ ಎಲ್ಲ ಕಾಣ್ತೈತ್ರಿ ಈಗ. ತೂಬಿನ ಕಲ್ಲುಗಂಬ ಕೆಳತನಕ ಕಾಣ್ತಾವ. ಆ ಕಂಬದ ಬುಡದಾಗೆ, ನೆರಳಾಗೆ, ಒಂದು ಬಾಳೆಮೀನು ಐತಿ. ನನ್ನಷ್ಟುದ್ದ. ನಾನು ಅದನ್ನ ನೋಡಿದ್ನಿ, ಅದೂ ನನ್ನ ನೋಡ್ತು. ಓಡಲಿಲ್ರಿ ಅದು.”

“ಓಡದೆ?”

“ಹಂಗೇ ಹಿಂದಕ್ಕ ಸರೀತು. ಕತ್ತಲೊಳಗೆ. ಬಾ ಅಂದಂಗೆ.”

ಅವನು ಹೋದ ಮೇಲೂ ಆ ಮಾತು ಜಗಲಿಯ ಮೇಲೆ ಕೂತೇ ಇತ್ತು. ಆ ವಾರ ಸರ್ವರ್ ಬೀ ಬಾವಿಯಿಂದ ನೀರು ಸೇದುವಾಗ ಒಳಗೆ ಬಗ್ಗಿ ನೋಡುವುದನ್ನು ಬಿಟ್ಟಳು.

ಶಿವರಾತ್ರಿಯ ಹೊತ್ತಿಗೆ ಉಜ್ಜಪ್ಪನ ಹೆಂಡತಿ ದ್ಯಾಮಮ್ಮ ಗಂಡನ ಕೈ ಹಿಡಿದು ನಡೆಸಿಕೊಂಡು ಬಂದಳು. ಅವನ ಕಣ್ಣುಗಳಲ್ಲಿ ಬಿಳುಪೇ ಇರಲಿಲ್ಲ. ಗುಡ್ಡೆಯ ಸುತ್ತ ಇಡೀ ರಕ್ತ. ರೆಪ್ಪೆಗಳು ಊದಿಕೊಂಡು, ಕಣ್ಣಿನ ಸುತ್ತ ಬಟ್ಟಲಿನ ಅಂಚು ಕೊರೆದ ನೀಲಿ ಉಂಗುರ. ಊರಲ್ಲಿ ಗಂಗಮ್ಮ ಮುನಿದಿದ್ದಾಳೆ, ನೋಡಬಾರದ್ದನ್ನು ನೋಡಿದ್ದಾನೆ ಅನ್ನುತ್ತಿದ್ದರಂತೆ. ಎರಡು ದಿನಕ್ಕೆ ತಿಳಿಯಾಗುತ್ತದೆ, ಮತ್ತೆ ಮುಳುಗುತ್ತಾನೆ, ಮತ್ತೆ ಹೀಗೇ.

ಸರ್ವರ್ ಬೀಗೆ ನೆನಪಾದದ್ದು ತಾಯಿಯ ಬೆನ್ನು. ವಾಯುನೋವಿಗೆಂದು ಕೊಂಬು ಹಚ್ಚುವವಳು ಬಂದು, ಎಮ್ಮೆ ಕೊಂಬನ್ನು ಬೆನ್ನಿಗೊತ್ತಿ, ತುದಿಯಿಂದ ಗಾಳಿ ಹೀರುತ್ತಿದ್ದಳು. ಒಳಗೆ ಚರ್ಮ ಕೆಂಪಗೆ ಉಬ್ಬಿ ಬರುತ್ತಿತ್ತು. ಇದೂ ಅದೇ. ಆಳಕ್ಕೆ ಹೋದಂತೆ ನೀರು ಎಲ್ಲ ಕಡೆಯಿಂದ ಅಮುಕುತ್ತದೆ, ಬಟ್ಟಲೊಳಗಿನ ಗಾಳಿ ಸಾಲದೆ ಕಣ್ಣನ್ನೇ ಹೀರಿಕೊಳ್ಳುತ್ತದೆ. ಮುನಿದದ್ದು ಗಂಗಮ್ಮನಲ್ಲ, ತಾನು ಕೊರೆದ ಮರದ ತುಂಡು.

“ಸರಿ ಮಾಡ್ತೀನಿ, ಇಟ್ಟು ಹೋಗು” ಅಂದಳು.

ಉಜ್ಜಪ್ಪ ಬೀಡಿ ತರಲು ರಸ್ತೆ ದಾಟಿದಾಗ ದ್ಯಾಮಮ್ಮ ಹತ್ತಿರ ಸರಿದಳು. “ಬೂಬಮ್ಮ, ಸರಿ ಮಾಡಬ್ಯಾಡ್ರಿ. ಕಣ್ಣು ಕೆಂಪಾದ್ರೆ ಎರಡು ದಿನ ಮನೀಗಿರ್ತಾನ. ಇಲ್ಲಾಂದ್ರೆ ಅನ್ನ ಬ್ಯಾಡ, ಮಾತು ಬ್ಯಾಡ. ಆ ತೂಬಿನ ಹತ್ರಾನೇ ಅವನ ಧ್ಯಾಸ. ಮುರದುಬಿಡ್ರಿ ಅದನ್ನ.”

“ಮುರಿದ್ರೆ ಬರೀ ಕಣ್ಣಲ್ಲಿ ಮುಳುಗ್ತಾನಮ್ಮ. ಇಲ್ಲ, ತಾನೇ ಒಂದು ಮಾಡ್ಕೋತಾನೆ. ಕಣ್ಣು ಹೋದ್ರೆ ಏನು ಮಾಡ್ತಿ?”

ದ್ಯಾಮಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ರಸ್ತೆಯ ಕಡೆ ನೋಡಿದಳು.

ಪೆನ್ನಿಗೆ ಮಸಿ ತುಂಬುವ ಫಿಲ್ಲರಿನ ರಬ್ಬರ್ ಬುಡ್ಡೆಗಳನ್ನು ತಂದು, ಬಟ್ಟಲಿನ ಹೊರಮೈಗೆ ತೂತು ಕೊರೆದು, ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡಿನಿಂದ ಸರ್ವರ್ ಬೀ ಅವನ್ನು ಜೋಡಿಸಿದಳು. ನೀರು ಬುಡ್ಡೆಯನ್ನು ಅಮುಕಿದರೆ ಅದರ ಗಾಳಿ ಬಟ್ಟಲಿಗೆ ಹೋಗುತ್ತದೆ, ಕಣ್ಣಿನ ಮೇಲೆ ಎಳೆತ ಬೀಳುವುದಿಲ್ಲ. ಅವಳ ಲೆಕ್ಕ ತಪ್ಪಲಿಲ್ಲ. ಮುಂದಿನ ಸಲ ಉಜ್ಜಪ್ಪ ಬಂದಾಗ ಕಣ್ಣು ಹಾಲಿನಂತಿತ್ತು. ಅವಳಿಗೆ ಹೆಮ್ಮೆಯಾಯಿತು. ಆ ಹೆಮ್ಮೆ ಅವನು ಬಾಯಿ ತೆರೆಯುವವರೆಗೆ ಮಾತ್ರ.

“ಈಗ ಬುಡಕ್ಕ ಹೋಗ್ತೀನ್ರಿ. ನೋವೇ ಇಲ್ಲ. ಹೊತ್ತು ಹೋಗಿದ್ದೇ ತಿಳಿಯಂಗಿಲ್ಲ. ಇನ್ನು ಒಂದು ಹಗ್ಗ ಬೇಕ್ರಿ, ಈಟಿಗೆ ಕಟ್ಟಿ ಕೈಗೆ ಸುತ್ತಿಕೊಳ್ತೀನಿ. ಈ ಸಲ ಬಿಡಾಂಗಿಲ್ಲ ಅದನ್ನ.”

“ಕೈಗೆ ಕಟ್ಟಬ್ಯಾಡ.” ಅವಳ ದನಿ ತನಗೇ ಗಡುಸಾಗಿ ಕೇಳಿತು. ಒಣಗಿದ ಸೋರೆ ಬುರುಡೆಯೊಂದನ್ನು ತಂದು ಹಗ್ಗದ ತುದಿಗೆ ತಾನೇ ಕಟ್ಟಿದಳು. “ಮೀನು ಎಳೆದ್ರೆ ಬುರುಡೆ ಎಳೀಲಿ. ನೀನು ಮೇಲೆ ಬಾ. ನನ್ನ ಮುಂದೆ ಮಾತು ಕೊಡು.”

ಅವನು ಮಾತು ಕೊಟ್ಟ. ಹಾಲು ಬಣ್ಣದ ಆ ಕಣ್ಣುಗಳು ಅವಳ ಮೇಲಿರಲಿಲ್ಲ.

ಹೋಳಿ ಕಳೆದು ಬೇಸಿಗೆ ಬೆಳೆಗೆ ನೀರು ಬಿಡುವ ಕಾಲ. ಒಂದು ಬೆಳಿಗ್ಗೆ ತೊಗರ್ಸಿಯಿಂದ ಬಂದ ಬಸ್ಸಿನ ಕಂಡಕ್ಟರು ಜಗಲಿಯ ಮುಂದೆ ನಿಂತು, “ನಿಮ್ಮ ಕನ್ನಡಕದ ಬೆಸ್ತ ಕೆರೆಯಿಂದ ಎದ್ದಿಲ್ಲವಂತೆ” ಅಂದ. ಸರ್ವರ್ ಬೀ ಅದೇ ಬಸ್ಸು ತಿರುಗಿ ಹೊರಡುವಾಗ ಹತ್ತಿದಳು.

ಏರಿಯ ಮೇಲೆ ಊರೇ ನಿಂತಿತ್ತು. ನಡುಬಿಸಿಲಲ್ಲಿ ನೀರು ಕನ್ನಡಿಯಂತೆ ಬಿದ್ದಿತ್ತು. ಅದರ ಮೇಲೆ ಅವಳ ಸೋರೆ ಬುರುಡೆ. ತೂಬಿನ ಕಂಬಗಳ ನಡುವೆ ಅರ್ಧ ಮುಳುಗುವುದು, ಏಳುವುದು, ಮತ್ತೆ ಮುಳುಗುವುದು, ಕೆಳಗಿನಿಂದ ಯಾರೋ ಜಗ್ಗಿ ಬಿಡುವಂತೆ. ಆ ಬೆಳಿಗ್ಗೆ ನೀರಗಂಟಿ ಹುಚ್ಚರಾಯಪ್ಪ ಗದ್ದೆಗೆ ನೀರು ಬಿಡಲು ತೂಬು ಎತ್ತಿದ್ದ. ಉಜ್ಜಪ್ಪನಿಗೆ ಅದು ಗೊತ್ತಿತ್ತು. ನೀರು ಓಡುವ ಬಾಯಿಗೆ ದೊಡ್ಡ ಮೀನು ಬರುತ್ತದೆಂದೇ ಹಿಂದಿನ ದಿನ ಹೆಂಡತಿಗೆ ಹೇಳಿದ್ದ.

ಜಗ್ಗುತ್ತಿರುವುದು ಗಂಗಮ್ಮನೆಂದು ಹೆದರಿ ಅಲ್ಲಿಯವರೆಗೆ ಯಾರೂ ತೂಬು ಮುಟ್ಟಿರಲಿಲ್ಲ; ಕೊನೆಗೆ ಮುಚ್ಚಿದರು. ಜಗ್ಗಾಟ ನಿಂತಿತು. ಹಗ್ಗ ಎಳೆದಾಗ ಈಟಿಯ ಜೊತೆ ಬಾಳೆಮೀನು ಬಂತು. ಒಬ್ಬ ಗಂಡಸು ಹೆಗಲ ಮೇಲೆ ಹೊತ್ತೊಯ್ಯಬಹುದಾದ ಮೀನು, ಅಷ್ಟೇ. ಉಜ್ಜಪ್ಪ ಹೇಳಿದ್ದರ ಅರ್ಧವೂ ಇರಲಿಲ್ಲ. ಅವನ ಅಣ್ಣಂದಿರು ಮುಳುಗಿ, ತೂಬಿನ ಬಾಯಿಗೆ ಭುಜದವರೆಗೆ ಸಿಕ್ಕಿಕೊಂಡಿದ್ದ ಅವನನ್ನು ಬಿಡಿಸಿ ತಂದರು. ಹಗ್ಗ ಕೈಗೆ ಸುತ್ತಿರಲಿಲ್ಲ, ಮಾತು ಉಳಿಸಿಕೊಂಡಿದ್ದ. ಏರಿಯ ಮೇಲೆ ಮಲಗಿಸಿ ಕನ್ನಡಕ ಬಿಚ್ಚಿದರು. ಕಣ್ಣು ಅಗಲವಾಗಿ ತೆರೆದಿತ್ತು. ಒಂದು ಕೆಂಪು ಗೆರೆಯೂ ಇರಲಿಲ್ಲ. ಬಟ್ಟಲಿನೊಳಗೆ ಒಂದು ಹನಿ ನೀರೂ ಹೋಗಿರಲಿಲ್ಲ.

ದ್ಯಾಮಮ್ಮ ಜಗಲಿಗೆ ಬಂದದ್ದು ಮಳೆ ಶುರುವಾದ ಮೇಲೆ. ಈಟಿಯನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಅವಳು ಬೈಯುತ್ತಾಳೆಂದು ಸರ್ವರ್ ಬೀ ಕಾದಳು. “ಇದರಾಗಿರಾವು ಕೊಡೆ ಕಡ್ಡಿ ಅಲ್ಲೇನ್ರಿ? ಬಿಚ್ಚಿ ಯಾವುದಾರ ಕೊಡೆಗೆ ಹಾಕಿಬಿಡ್ರಿ” ಅಂದು, ಅದನ್ನಿಟ್ಟು, ಸೋನೆಯಲ್ಲಿ ತಲೆಗೇನೂ ಇಲ್ಲದೆ ನಡೆದುಹೋದಳು. ಸರ್ವರ್ ಬೀ ಕಡ್ಡಿಗಳನ್ನು ಬಿಚ್ಚಿದಳು. ಕೊಡೆಗೆ ಹಾಕಲು ಕೈ ಬರಲಿಲ್ಲ. ಅವನ್ನು ಹಿತ್ತಲಲ್ಲಿ ಹೂತಳು.

ಅಲ್ಲಿಗೆ ಮುಗಿಯಲಿಲ್ಲ. ಸತ್ತವನ ಸುದ್ದಿಗಿಂತ ಅವನು ಹಿಡಿದ ಮೀನಿನ ಸುದ್ದಿ ವೇಗವಾಗಿ ಹೋಗಿತ್ತು. ಯಾರ್ಯಾರೋ ಬಂದು ಅಂಥದ್ದೇ ಕನ್ನಡಕ ಬೇಕೆಂದು ಕೇಳಿದರು. ಅವಳು ಒಲ್ಲೆನೆಂದಳು. ಆ ಮಳೆಗಾಲದ ಕೊನೆಗೆ ಸೊರಬದ ಕಡೆಯ ತರುಣನೊಬ್ಬ ಕೊಡೆ ತಂದ. ಅವನ ಕಣ್ಣುಗಳು ರಕ್ತದ ಉಂಡೆ. ಸೊರಬದಲ್ಲಿ ಉಚ್ಚಂಗಪ್ಪನೆಂಬ ಸೈಕಲ್ ಅಂಗಡಿಯವನು ಅಂಥ ಕನ್ನಡಕ ಮಾಡಿ ಮಾರುತ್ತಿದ್ದಾನಂತೆ. ಬುಡ್ಡೆ ಇಲ್ಲದ್ದು.

ಸರ್ವರ್ ಬೀ ಕೆಲವು ದಿನ ಬುಡ್ಡೆಯ ಯೋಚನೆಯಲ್ಲೇ ಕಳೆದಳು. ಹೇಳಿಕೊಡದಿದ್ದರೆ ಕಣ್ಣು ಹೋಗುತ್ತದೆ. ಹೇಳಿಕೊಟ್ಟರೆ ಇನ್ನೂ ಕೆಳಗೆ ಹೋಗುತ್ತಾರೆ. ಗಂಡನನ್ನು ಕೇಳಿದಳು. ಮುನೀರ್ ಎಡಗೈಯಿಂದ ಅವಳ ಕಣ್ಣು ಮುಟ್ಟಿದ, ಆಮೇಲೆ ಎದೆ ಮುಟ್ಟಿದ, ತಲೆಯಾಡಿಸಿದ. ಕಣ್ಣೋ ಉಸಿರೋ, ಯಾವುದನ್ನು ಉಳಿಸಬೇಕೆಂದು ಅವನಿಗೂ ಗೊತ್ತಿರಲಿಲ್ಲ.

ಕೊನೆಗೆ ಫಿಲ್ಲರಿನ ಬುಡ್ಡೆಗಳನ್ನು ಸೆರಗಿಗೆ ಕಟ್ಟಿಕೊಂಡು ಸೊರಬಕ್ಕೆ ಹೋದಳು. ಉಚ್ಚಂಗಪ್ಪ ನಗುಮುಖದ, ಮಾತುಗಾರ ಮನುಷ್ಯ. ಅವಳು ತೂತು ಕೊರೆದು ಜೋಡಿಸುವುದನ್ನು ಬಗ್ಗಿ ನೋಡಿದ. “ಎಷ್ಟು ಚಂದ ಉಂಟು ಮಾರಾಯ್ತಿ! ಇದು ನನ್ನ ತಲೆಗೆ ಹೊಳೀಲೇ ಇಲ್ಲ ನೋಡಿ.”

“ಇದು ಹಾಕಿದ್ರೆ ನೋವಾಗಲ್ಲ. ನೋವಾಗ್ದಿದ್ರೆ ಎಲ್ಲಿಗೆ ನಿಲ್ಲಬೇಕು ಅಂತ ಅವರಿಗೆ ತಿಳಿಯಲ್ಲ. ಕೊಡೋವಾಗ ಹೇಳಿ. ತೂಬಿನ ಹತ್ರ ಹೋಗಬಾರದು ಅಂತ ಒಬ್ಬೊಬ್ಬರಿಗೂ ಹೇಳಿ.”

“ಹೇಳ್ವಾ, ಹೇಳ್ವಾ” ಅಂದ ಉಚ್ಚಂಗಪ್ಪ. ಅವನ ಕಣ್ಣು ಬುಡ್ಡೆಯ ಮೇಲಿತ್ತು.

ತಿರುಗಿ ಬಸ್ಸು ಹಿಡಿಯಲು ಹೊರಟವಳಿಗೆ ಊರಾಚೆಯ ಕೆರೆಯ ದಂಡೆಯಲ್ಲಿ ಮೂವರು ತರುಣರು ಕಂಡರು. ಕಣ್ಣಿಗೆ ಮರದ ಬಟ್ಟಲು, ಕೈಯಲ್ಲಿ ಬಿದಿರು. ನಗುತ್ತ, ಒಬ್ಬರನ್ನೊಬ್ಬರು ತಳ್ಳುತ್ತ ಇಳಿದರು. ನೀರು ಮುಚ್ಚಿಕೊಂಡಿತು. ಹಿಂದೆ ಬಸ್ಸು ಹಾರನ್ ಹೊಡೆಯಿತು, ಮತ್ತೊಮ್ಮೆ ಹೊಡೆಯಿತು, ಹೊರಟುಹೋಯಿತು. ಸರ್ವರ್ ಬೀ ಕದಲಲಿಲ್ಲ. ಒಂದು ತಲೆ ಎದ್ದಿತು. ದೂರದಲ್ಲಿ ಇನ್ನೊಂದು. ಮೂರನೆಯದು ಏಳುವವರೆಗೆ ಅವಳೂ ಉಸಿರು ಹಿಡಿದಿದ್ದಳು.

ಅವರು ಮತ್ತೆ ಮುಳುಗಿದರು. ಅವಳು ದಂಡೆಯ ಕಲ್ಲಿನ ಮೇಲೆ ಕೂತಳು. ಅವರು ಬಟ್ಟೆ ತೊಟ್ಟು ಊರ ದಾರಿ ಹಿಡಿದ ಮೇಲೆ ಎದ್ದು, ಮುಂದಿನ ಬಸ್ಸು ಯಾವಾಗೆಂದು ಕೇಳಲು ಹೋದಳು.