ಎಡಗೈಯ ಉಳಿ

ಕೈಯಿಂದ ಮುಟ್ಟಿ ನೋಡದ ಯಾವುದನ್ನೂ ನಂಬಿದವನಲ್ಲ ನಾನು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಅಪ್ಪನ ಪಕ್ಕ ಮರದ ಕೆಲಸಕ್ಕೆ ಕೂತವನು. ಯಾರಾದರೂ ದೆವ್ವದ ಕಥೆ ತೆಗೆದರೆ ಎದ್ದು ಹೋಗುತ್ತಿದ್ದೆ. ಹಾಗಾಗಿ ಇದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಪರೇಲಿನ ಚಾಳಿನಲ್ಲಿ ನಮ್ಮ ಬಿಡಾರ. ಮುಗಿಸಿದ ಕೆಲಸದ ಎರಡೂ ಮೂಲೆಯಲ್ಲಿ ಮೂರು ಚುಕ್ಕಿ ಕೊರೆಯುವುದು ಅಪ್ಪನಿಂದ ಬಂದ ಗುರುತು. ಆ ಚುಕ್ಕಿ ಇದ್ದಲ್ಲಿ ಇನ್ನೊಬ್ಬರ ಕೈ ತಾಗಿಲ್ಲವೆಂದೇ ಅರ್ಥ.

ಶುಕ್ರವಾರ ಹಳೇ ಸಾಮಾನಿನ ಬಜಾರಿಗೆ ಹೋಗುವುದು ನನ್ನ ಒಂದೇ ಚಟ. ಉಳಿಗಳ ಮೇಲೆ ಒತ್ತಿದ ಇಂಗ್ಲಿಷ್ ಅಕ್ಷರ ಓದಲು ಬಾರದು. ಆದರೆ ತುಕ್ಕು ಹಿಡಿದ ಉಳಿಯನ್ನು ಉಗುರಿನಿಂದ ಬಡಿದರೆ ಸಾಕು, ವಿಲಾಯತಿ ಉಕ್ಕೋ ಇಲ್ಲಿಯದೋ ಹೇಳುತ್ತಿದ್ದೆ. ಆ ದಿನ ಸಿಕ್ಕಿದ ಓರೆ ಬಾಯಿಯ ಉಳಿ ಗಂಟೆಯಂತೆ ನುಡಿಯಿತು. ಗೋಣಿ ಹಾಸಿ ಮಾರುತ್ತಿದ್ದ ವಿಜಾಪುರದ ಕಡೆಯ ಖಾಸಿಂಸಾಬ ನಕ್ಕ.

“ಬರೇ ಉಕ್ಕಿನ ಸಂಗೀತ ಕೇಳ್ತೀರಲ್ರಿ ಆಚಾರ್ರ! ಹಿಡಿಕಿನೂ ನೋಡ್ರಿ. ಎಡಚಂದು ಐತಿ ಅದು. ನಿಮಗ್ಯಾಕ?”

ನಿಜ. ಹೆಬ್ಬೆರಳು ಊರಿ ಊರಿ ಹಿಡಿಯಲ್ಲಿ ಕುಳಿ ಬಿದ್ದಿತ್ತು. ಎಡಗೈಯಲ್ಲಿ ಹಿಡಿದರೆ ಮಾತ್ರ ಬೆರಳು ಅದರಲ್ಲಿ ಕೂರುತ್ತಿತ್ತು. ಆದರೂ ಕೊಂಡೆ.

ಆಗ ವಿಲೆ ಪಾರ್ಲೆಯ ಹೋಟೆಲ್ ಧಣಿಯೊಬ್ಬರ ದೇವರಕೋಣೆಗೆ, ಬಾಗಿಲಿನ ಮೇಲೆ ಕೂರಿಸುವ ತೇಗದ ಹಲಗೆ ಕೆತ್ತುತ್ತಿದ್ದೆ. ನಡುವಿನಿಂದ ಎರಡೂ ಬದಿಗೆ ಹರಿಯುವ ಬಳ್ಳಿ. ಬಲಬದಿ ಮುಗಿದಿತ್ತು. ಎಡಕ್ಕೆ ತಿರುಗುವ ಎಲೆಗಳಲ್ಲಿ ಮಾತ್ರ ಸಿಬಿರೇಳುತ್ತಿತ್ತು. ಎರಡು ದಿನ ಒದ್ದಾಡಿದ್ದೆ. ಅಂಥ ನಯದ ಕೆಲಸಕ್ಕೆ ಕೊಡತಿ ಬೇಡ, ಕೈಯಿಂದಲೇ ಒತ್ತಿ ಕೆತ್ತಬೇಕು. ಶನಿವಾರ ಮಧ್ಯಾಹ್ನ ಆ ಉಳಿಯನ್ನು ಮಸೆದು, ನೋಡೋಣವೆಂದು ಎಡಗೈಗೆ ತೆಗೆದುಕೊಂಡೆ.

ಕೈ ನನ್ನನ್ನು ಕೇಳಲಿಲ್ಲ. ಎಚ್ಚರವಾಗಿಯೇ ಇದ್ದೆ, ಮಿಲ್ಲಿನ ಭೋಂಗಾ ಕೂಗಿದ್ದೂ ಕೇಳಿಸಿತು. ಒಂದಾದ ಮೇಲೊಂದು ಎಲೆ ಏಳುತ್ತಾ ಹೋಯಿತು, ಎಲ್ಲೂ ಸಿಬಿರಿಲ್ಲ. ಪ್ರತಿ ಎಲೆಯ ತುದಿ ಒಳಕ್ಕೆ ಸ್ವಲ್ಪ ಮುದುರಿತ್ತು. ನನ್ನ ಪೆನ್ಸಿಲ್ ಗೆರೆಯಲ್ಲಿ ಅದಿರಲಿಲ್ಲ. ಸಂಜೆಗೆ ಎಡಬದಿ ಮುಗಿದಿತ್ತು.

ಊಟಕ್ಕೆ ಕೂತಾಗ ಹೆಂಡತಿ ಗದರಿದಳು: “ಎಂತ ಇದು, ಎಡಗೈಯಲ್ಲಿ ಉಣ್ಣುದಾ? ಮಕ್ಕಳು ನೋಡ್ತಾ ಇದ್ದಾರೆ!”

ಅವಳು ಹೇಳುವವರೆಗೆ ನನಗೆ ಗೊತ್ತೇ ಆಗಿರಲಿಲ್ಲ.

ಮರುದಿನ ಅದೇ ಉಳಿ, ಅದೇ ಕೈ. ಬೆರಳು ಕೊಯ್ದುಕೊಂಡದ್ದಷ್ಟೇ ಬಂತು. ಮುಂದಿನ ಶುಕ್ರವಾರ ಖಾಸಿಂಸಾಬನನ್ನು ಕೇಳಿದೆ. “ಚೀಲಗಟ್ಟಲೆ ಬರ್ತಾವ್ರಿ, ಯಾರದಂತ ಹೇಳ್ಲಿ?” ಎಂದ.

ಧಣಿಗಳು ಹಲಗೆಯನ್ನು ಬಹಳ ಹೊತ್ತು ನೋಡಿದರು. “ಎಡಬದಿ ಭಾರೀ ಚಂದ ಬಂದಿದೆ ಮಾರಾಯ್ರೆ. ಅದನ್ನು ಯಾರ ಹತ್ರ ಮಾಡ್ಸಿದ್ರಿ?”

ನನ್ನದೇ ಎನ್ನಲು ಬಾಯಿ ತೆರೆದೆ. ಆದರೆ “ಗುರುತು ಹಾಕ್ಲಿಕ್ಕೆ ಬಾಕಿ ಉಂಟು” ಎಂದಷ್ಟೇ ಹೇಳಿದೆ.

ಬಲಮೂಲೆಯಲ್ಲಿ ಮೂರು ಚುಕ್ಕಿ ಕೊರೆದೆ. ಎಡಮೂಲೆಯ ಮುಂದೆ ನನ್ನ ಉಳಿ ಹಿಡಿದು ತುಂಬ ಹೊತ್ತು ನಿಂತು, ಕೆಳಗಿಟ್ಟೆ. ಅದು ಯಾರ ಕೆಲಸವೋ ನನಗೆ ಇವತ್ತಿಗೂ ತಿಳಿದಿಲ್ಲ. ಆ ಮೂಲೆ ಹಾಗೇ ಖಾಲಿ ಇದೆ.