ಅಜ್ಜಿ ಪೂಜಿಸಿದ ಗ್ರಂಥ

ಪುತ್ತೂರು ಹತ್ತಿರದ ಸವಣೂರಿನ ಆ ಅಜ್ಜಿ ತಾಳೆಗರಿಯ ಕಟ್ಟು ಮುಟ್ಟುವ ಮುಂಚೆ ಪ್ರತಿ ಸಲವೂ ಕೈ ತೊಳೆದು ಬರುತ್ತಿದ್ದರು. ಹಳೆಯ ಗ್ರಂಥಗಳ ಪಟ್ಟಿ ಮಾಡುವ ಕೆಲಸದ ಮೇಲೆ ನಾನು ಅವರ ಮನೆಗೆ ಹೋಗಿದ್ದೆ.

“ಮದುವೆಯಾಗಿ ಬಂದಂದಿನಿಂದ ಇದಕ್ಕೆ ಪೂಜೆ ಮಾಡುದು ನಾನೇ. ಓದ್ಲಿಕ್ಕೆ ಮಾತ್ರ ಇಲ್ಲಿ ಯಾರಿಗೂ ಬರುದಿಲ್ಲ. ಇಂಗ್ಲಿಷ್ ಶಾಲೆಯವಳು, ನಿನಗೆ ಬರ್ತದಾ?” ಎಂದರು.

ಮಾತಿಗೆ ನಾಚುವವಳಾದರೂ ಹಳೆಯ ಅಕ್ಷರಕ್ಕೆ ನಾನು ಹೆದರಿದವಳಲ್ಲ. ತಲೆಯಾಡಿಸಿ ದಾರ ಬಿಚ್ಚಿದೆ. ಮೊದಲ ಗರಿಯಲ್ಲಿ ಹೊಟ್ಟೆ ಉಬ್ಬಿದ ಎಮ್ಮೆಗೆ ಮದ್ದು, ಎರಡನೆಯದರಲ್ಲಿ ದನದ ಭೇದಿಗೆ. ನಮ್ಮ ಪಟ್ಟಿಯಲ್ಲಿ ಇಂಥದ್ದು ಇನ್ನೊಂದಿರಲಿಲ್ಲ. ನನಗಂತೂ ಖುಷಿಯೋ ಖುಷಿ.

ತಲೆಯೆತ್ತಿದರೆ ಅಜ್ಜಿ ದೀಪ ಹಚ್ಚಿ, ಸೊಸೆಯಂದಿರನ್ನೂ ಕೂರಿಸಿಕೊಂಡು, ಕೈ ಮುಗಿದು ಕೂತಿದ್ದರು.

“ಯಾವ ದೇವರ ಕಥೆ ಅಂತ ಇಷ್ಟು ವರ್ಷ ಗೊತ್ತಾಗ್ಲೇ ಇಲ್ಲ ಮಗಳೇ. ಗಟ್ಟಿಯಾಗಿ ಓದು, ಒಂದು ಅಕ್ಷರವೂ ಬಿಡಬೇಡ.”